ಮನೆಯ ಕಚೇರಿಗೆ ಕುರ್ಚಿ: ಕೂರಲು ಹಿತವೋ, ನೋಡಲು ಚೆಂದವೋ? ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಲಾಕ್‌ಡೌನ್ ಕಾಲದಲ್ಲಿ ಹೈದರಾಬಾದ್, ಬೆಂಗಳೂರು, ಪುಣೆಗಳಿಂದ ಊರಿಗೆ ಮರಳಿದವರು ಊಟದ ಮೇಜಿನ ಕುರ್ಚಿಯಲ್ಲೋ ಮಂಚದ ಅಂಚಿನಲ್ಲೋ ಕೂತು ಕೆಲಸ ಆರಂಭಿಸಿದರು. ಅವರಲ್ಲಿ ಕೆಲವರು ಇಂದಿಗೂ ಕಲಬುರಗಿಯ ಮನೆಯಿಂದಲೇ ದುಡಿಯುತ್ತಿದ್ದಾರೆ. ನಾನು ಲೆಕ್ಕಪತ್ರದ ಕೆಲಸದವನು. ದಿನಕ್ಕೆ ಎಂಟು ಗಂಟೆ ಮನೆಯಲ್ಲೇ ಕೂರುತ್ತೇನೆ. ಕುರ್ಚಿಯ ವಿಷಯದಲ್ಲಿ ಒಮ್ಮೆ ಹಣ ಕಳೆದುಕೊಂಡ ಮೇಲೆ ಕೊಳ್ಳುವವರ ಜೊತೆ ಅಂಗಡಿಗಳಿಗೆ ಹೋಗಿ, ದುರಸ್ತಿ ಮಾಡುವವರ ಪಕ್ಕದಲ್ಲಿ ಕೂತು ಕಲಿತದ್ದನ್ನು, ನೆಂಟರೂ ಗೆಳೆಯರೂ ಕೇಳುವ ಪ್ರಶ್ನೆಗಳ ರೂಪದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಹಿತ ಮತ್ತು ಚೆಂದ, ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಯಾವುದನ್ನು ಆರಿಸಬೇಕು?

ಮೊದಲು ದಿನಕ್ಕೆ ಎಷ್ಟು ಗಂಟೆ ಕೂರುತ್ತೀರಿ ಎಂಬುದನ್ನು ಲೆಕ್ಕ ಹಾಕಿರಿ. ಸಂಜೆ ಅರ್ಧ ಗಂಟೆ ಬಿಲ್ಲು ಕಟ್ಟಲು, ಮಿಂಚಂಚೆ ನೋಡಲು ಮಾತ್ರ ಕೂರುವವರು ಮನಸ್ಸಿಗೆ ಒಪ್ಪಿದ ಕುರ್ಚಿಯನ್ನು ಧಾರಾಳವಾಗಿ ತರಬಹುದು. ನಾಲ್ಕು ಗಂಟೆಗಿಂತ ಹೆಚ್ಚು ಕೂರುವವರು ಮೊದಲು ದೇಹದ ಅಳತೆಗೆ, ಅನಂತರ ಮನೆಯ ಸೆಕೆಗೆ ಮತ್ತು ನೆಲಕ್ಕೆ ಹೊಂದುವ ಕುರ್ಚಿಗಳನ್ನು ಬೇರ್ಪಡಿಸಿಕೊಂಡು, ಹಾಗೆ ಉಳಿದ ಮೂರು ನಾಲ್ಕರಲ್ಲಿ ಚೆಂದವಾದುದನ್ನು ಆರಿಸಬೇಕು. ಈ ಕ್ರಮ ತಲೆಕೆಳಗಾದರೆ ಹಣ ಹೋಗುತ್ತದೆ. ನನಗೆ ಆದದ್ದೂ ಅದೇ. ಅಂಗಡಿಯವರು ‘ಬಾಸ್ ಚೇರ್’ ಎಂದು ಕರೆಯುವ, ತಲೆಯವರೆಗೂ ಎತ್ತರವಿದ್ದ ಕಂದು ರೆಕ್ಸಿನ್ನಿನ ದಪ್ಪ ಕುರ್ಚಿಯನ್ನು ನೋಡಿದ ತಕ್ಷಣ ಒಪ್ಪಿಕೊಂಡು ಮನೆಗೆ ತಂದೆ. ಮೊದಲ ಏಪ್ರಿಲಿನಲ್ಲೇ ಅಂಗಿ ಬೆನ್ನಿಗೆ ಅಂಟತೊಡಗಿತು. ಎರಡನೆಯ ಬೇಸಿಗೆಯ ಹೊತ್ತಿಗೆ ತೊಡೆಯ ಅಂಚು ತಗಲುವ ಕಡೆ ರೆಕ್ಸಿನ್ ಒಣ ಎಲೆಯಂತೆ ಸಿಬಿರೆದ್ದು, ಅದರ ಕಂದು ಚೂರುಗಳು ಪ್ರತಿದಿನ ಪೊರಕೆಗೆ ಸಿಗುತ್ತಿದ್ದವು.

ಇನ್ನೊಂದು ಮಾತು: ಹಿತ ಎಂದರೆ ಮೆತ್ತಗಿರುವುದು ಎಂಬ ತಿಳಿವಳಿಕೆ ತಪ್ಪು. ನಾಲ್ಕನೆಯ ಗಂಟೆಯಲ್ಲೂ ಕುರ್ಚಿಯ ನೆನಪೇ ಬಾರದಿರುವುದು ಹಿತ.

ಅಂಗಡಿಯಲ್ಲಿ ಕೂತಾಗ ಬಹಳ ಚೆನ್ನಾಗಿತ್ತು. ಮನೆಗೆ ತಂದ ವಾರದಲ್ಲೇ ಸೊಂಟ ನೋಯುತ್ತಿದೆ. ಏಕೆ?

ಅಂಗಡಿಯಲ್ಲಿ ನಾವು ಎರಡು ನಿಮಿಷ ಕೂರುತ್ತೇವೆ, ಹಿಂದಕ್ಕೆ ಒರಗಿ ಕೂರುತ್ತೇವೆ, ಕೈಯಲ್ಲಿ ಕೆಲಸವಿರುವುದಿಲ್ಲ. ಮೆತ್ತನೆಯ ಸ್ಪಂಜು ಆ ಎರಡು ನಿಮಿಷ ಸುಖ ಕೊಡುತ್ತದೆ. ಗಂಟೆ ಕಳೆದಂತೆ ಅದು ಕುಸಿದು, ಕುಂಡಿಯ ಮೂಳೆಗಳು ಕೆಳಗಿನ ಹಲಗೆಯನ್ನು ಮುಟ್ಟುವ ಸ್ಥಿತಿಗೆ ಬರುತ್ತವೆ. ನಡು ಹಿಂದಕ್ಕೆ ಬಾಗಿ, ಸೊಂಟದ ಸಹಜವಾದ ಒಳಬಾಗು ಕಳೆದುಹೋಗುತ್ತದೆ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ ಅವರು 1960ರ ದಶಕದಲ್ಲಿ ಬೆನ್ನಿನ ಮಣಿಗಳ ನಡುವಿನ ಬಿಲ್ಲೆಗಳ ಒಳಗಿನ ಒತ್ತಡವನ್ನು ಸೂಜಿ ಹಾಕಿ ಅಳೆದು, ಆಸರೆಯಿಲ್ಲದೆ ಕೂತಾಗ ಅದು ಹೆಚ್ಚುತ್ತದೆಂದು ತೋರಿಸಿದರು. ಆನಂತರದ ಅಳತೆಗಳಲ್ಲಿ ಅಂಕಿಗಳು ಬದಲಾದರೂ, ಮುಂದೆ ಬಾಗಿದರೆ ಒತ್ತಡ ಏರುತ್ತದೆ, ಹಿಂದೆ ಒರಗಿದರೆ ಇಳಿಯುತ್ತದೆ ಎಂಬ ಮಾತು ಉಳಿದುಕೊಂಡಿದೆ. ಹೀಗಾಗಿ ಕೆಲಸದ ಕುರ್ಚಿಯ ಬೆನ್ನೊರಗು ನೆಟ್ಟಗೆ 90 ಡಿಗ್ರಿಯಲ್ಲಿ ನಿಲ್ಲದೆ, 100ರಿಂದ 110 ಡಿಗ್ರಿಯವರೆಗೆ ಹಿಂದಕ್ಕೆ ಸರಿಯುವಂತಿರಬೇಕು ಮತ್ತು ಸರಿದಾಗಲೂ ಸೊಂಟಕ್ಕೆ ತಗಲಿಯೇ ಇರಬೇಕು.

ಅಂಗಡಿಗೆ ಹೋಗುವಾಗ ನಿಮ್ಮ ಲ್ಯಾಪ್‌ಟಾಪನ್ನು ಒಯ್ಯಿರಿ. ಕುರ್ಚಿಯನ್ನು ಯಾವುದಾದರೊಂದು ಮೇಜಿನ ಮುಂದೆ ಎಳೆದುಕೊಂಡು ಇಪ್ಪತ್ತು ನಿಮಿಷ ನಿಜವಾಗಿ ಟೈಪ್ ಮಾಡಿರಿ. ಹೆಚ್ಚಿನವರು ಮರೆಯುವ ಸಂಗತಿಯೆಂದರೆ ಚಪ್ಪಲಿ. ಮನೆಯಲ್ಲಿ ನಾವು ಬರಿಗಾಲಿನಲ್ಲಿ ಕೂರುತ್ತೇವೆ. ಬೂಟಿನ ಹಿಮ್ಮಡಿ ಎರಡು ಮೂರು ಸೆಂಟಿಮೀಟರ್ ಎತ್ತರ ಕೊಡುತ್ತದೆ. ಚಪ್ಪಲಿ ಬಿಟ್ಟು ಕೂತು ನೋಡದ ಹೊರತು ಕುರ್ಚಿಯ ನಿಜವಾದ ಎತ್ತರ ತಿಳಿಯುವುದಿಲ್ಲ.

ಯಾವ ಯಾವ ಅಳತೆಗಳನ್ನು ನೋಡಬೇಕು?

ಎಲ್ಲಕ್ಕಿಂತ ಮೊದಲು ಆಸನದ ಎತ್ತರ. ಪಾದ ಪೂರ್ತಿಯಾಗಿ ನೆಲಕ್ಕೆ ಊರಿ, ತೊಡೆ ನೆಲಕ್ಕೆ ಸಮಾಂತರವಾಗಿ ಇರಬೇಕು. ಮೊಣಕಾಲಿನ ಹಿಂಭಾಗದಿಂದ ಹಿಮ್ಮಡಿಯವರೆಗಿನ ಅಳತೆ ಸ್ಥೂಲವಾಗಿ ನಮ್ಮ ಎತ್ತರದ ಕಾಲು ಭಾಗ. ಭಾರತದ ಹೆಣ್ಣುಮಕ್ಕಳ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅವರಿಗೆ ಬೇಕಾದ ಆಸನ 38 ಸೆಂಟಿಮೀಟರಿನ ಆಸುಪಾಸಿನಲ್ಲಿರಬೇಕು. ಮಾರುಕಟ್ಟೆಯ ಬಹುಪಾಲು ಕುರ್ಚಿಗಳು ಪೂರ್ತಿ ಇಳಿಸಿದಾಗಲೂ 43–45 ಸೆಂಟಿಮೀಟರಿಗಿಂತ ಕೆಳಗೆ ಬರುವುದಿಲ್ಲ. ಕುರ್ಚಿ ತಯಾರಿಸುವವರು ಇಂಥವರನ್ನು ಗಣನೆಗೇ ತೆಗೆದುಕೊಂಡಿಲ್ಲ ಎಂಬ ಬೇಸರ ನನಗಿದೆ.

ನಮ್ಮ ವೈನಿ, ಅಂದರೆ ಅತ್ತಿಗೆ, ಶಾಲಾ ಪಠ್ಯಗಳ ತಿದ್ದುಪಡಿಯ ಕೆಲಸವನ್ನು ಮನೆಯಿಂದ ಮಾಡುತ್ತಾರೆ; ಅವರ ಎತ್ತರ ಐದಡಿಗೆ ಕೊಂಚ ಕಡಿಮೆ. ಸಂಜೆಯ ಹೊತ್ತಿಗೆ ಅವರ ಪಾದ ಊದಿಕೊಳ್ಳುತ್ತಿತ್ತು, ಏಕೆಂದರೆ ತೂಗುವ ಕಾಲಿನ ಭಾರವೆಲ್ಲ ಆಸನದ ಮುಂದಿನ ಅಂಚಿನ ಮೇಲೆ ಬಿದ್ದು ತೊಡೆಯ ಕೆಳಭಾಗದ ರಕ್ತಸಂಚಾರಕ್ಕೆ ಅಡ್ಡಿಯಾಗುತ್ತಿತ್ತು. ಕುರ್ಚಿಯನ್ನು ಇನ್ನೂ ಇಳಿಸುವಂತಿರಲಿಲ್ಲ. ಇಳಿಸಿದ್ದರೂ 75 ಸೆಂಟಿಮೀಟರಿನ ಮೇಜು ಎದೆಯ ಮಟ್ಟಕ್ಕೆ ಬಂದು ಹೆಗಲು ಎತ್ತಿ ಬರೆಯಬೇಕಾಗುತ್ತಿತ್ತು. ಮನೆ ಕಟ್ಟಿದಾಗ ಉಳಿದಿದ್ದ ಶಹಾಬಾದ್ ಕಲ್ಲಿನ ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು, ಮೇಲೆ ಹಳೆಯ ಕೌದಿಯ ತುಂಡು ಹಾಸಿ ಅವರ ಕಾಲ ಕೆಳಗೆ ಇಟ್ಟೆವು. ಖರ್ಚು ಏನೂ ಆಗಲಿಲ್ಲ. ಊತ ಒಂದು ವಾರದಲ್ಲಿ ನಿಂತಿತು.

ಎರಡನೆಯದು ಆಸನದ ಆಳ. ಬೆನ್ನು ಪೂರ್ತಿ ಹಿಂದಕ್ಕೆ ಒರಗಿಸಿದಾಗ ಆಸನದ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹಿಡಿಯುವಷ್ಟು ಜಾಗ ಉಳಿಯಬೇಕು. ಬಾಸ್ ಚೇರುಗಳು ಸೋಲುವುದು ಇಲ್ಲಿಯೇ: ಅವುಗಳ ಆಸನ ಆಳವಾಗಿದ್ದು, ಸಾಧಾರಣ ಎತ್ತರದವರು ಮುಂದಕ್ಕೆ ಜರುಗಿ ಕೂತು ಬೆನ್ನಿನ ಆಸರೆಯನ್ನೇ ಕಳೆದುಕೊಳ್ಳುತ್ತಾರೆ. ಮೂರನೆಯದು ಸೊಂಟದ ಆಸರೆ. ಸೀರೆಯ ನಿರಿಗೆ ಸಿಗಿಸುವ ಅಥವಾ ಬೆಲ್ಟು ಕಟ್ಟುವ ಮಟ್ಟದಲ್ಲಿ ಅದು ಬೆನ್ನನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು, ಮೇಲೆ ಕೆಳಗೆ ಸರಿಸುವಂತಿದ್ದರೆ ಉತ್ತಮ. ಕೈಯ ಆಸರೆ, ಅಂದರೆ ಅಂಗಡಿಯವರು ಹೇಳುವ ಹ್ಯಾಂಡಲ್, ಎತ್ತರ ಬದಲಿಸುವಂತಿಲ್ಲದೆ ಮೇಜಿಗೆ ತಡೆಯುವುದಾದರೆ ಅದಿಲ್ಲದ ಕುರ್ಚಿಯೇ ಮೇಲು.

ನಮ್ಮ ಕಡೆಯ ಬಿಸಿಲಿಗೆ ರೆಕ್ಸಿನ್ ಒಳ್ಳೆಯದೋ, ಬಟ್ಟೆಯೋ, ಬಲೆಯಂಥ ಜಾಳಿಗೆಯೋ?

ಬೆಂಗಳೂರಿನವರ ಸಲಹೆಯನ್ನು ಇಲ್ಲಿ ಹಾಗೆಯೇ ಒಪ್ಪಲಾಗದು. ಕಲಬುರಗಿ, ಯಾದಗಿರಿಗಳಲ್ಲಿ ಏಪ್ರಿಲ್, ಮೇ ತಿಂಗಳ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಪ್ರತಿ ವರ್ಷದ ಅನುಭವ. ಬೀದರ್ ಇನ್ನಷ್ಟು ಎತ್ತರದ ಪ್ರಸ್ಥಭೂಮಿಯ ಮೇಲಿರುವುದರಿಂದ ಅಲ್ಲಿ ಕೊಂಚ ತಂಪು, ಆದರೂ ಮಧ್ಯಾಹ್ನದ ಸೆಕೆ ಸೆಕೆಯೇ. ರೆಕ್ಸಿನ್ ಗಾಳಿಯಾಡಲು ಬಿಡುವುದಿಲ್ಲ, ಬೆವರನ್ನು ಹೀರುವುದಿಲ್ಲ. ಇಂದು ‘ಲೆದರ್’ ಎಂದು ಮಾರಾಟವಾಗುವ ಕುರ್ಚಿಗಳಲ್ಲಿ ಹೆಚ್ಚಿನವುಗಳ ಮೇಲ್ಪದರ ಬಟ್ಟೆಯ ಮೇಲೆ ಲೇಪಿಸಿದ ಪಾಲಿಯುರೆಥೇನ್. ತೇವ ಮತ್ತು ಬಿಸಿ ಒಟ್ಟಾಗಿ ಸೇರಿದಾಗ ಅದರ ರಾಸಾಯನಿಕ ಬಂಧಗಳು ಸಡಿಲಗೊಂಡು ಪದರ ಬಿರುಕುಬಿಡುತ್ತದೆ. ಬೆವರು ಮತ್ತು ತಲೆಯ ಎಣ್ಣೆ ಅದನ್ನು ಇನ್ನಷ್ಟು ಬೇಗ ಕೆಡಿಸುತ್ತವೆ.

ನಮ್ಮ ಒಣ ಹವೆಯಲ್ಲಿ ತೇವ ಎಲ್ಲಿಂದ ಬಂತು ಎಂದು ಕೇಳಬಹುದು. ಅದು ಕೂಲರಿನಿಂದ ಬರುತ್ತದೆ. ಹೊರಗಿನ ಬಿಸಿಗಾಳಿಯನ್ನು ನೆನೆದ ಹುಲ್ಲಿನ ಮೂಲಕ ಎಳೆದು ಒಳಗೆ ಬಿಡುವ ಕೂಲರು ಕೋಣೆಯನ್ನು ತಂಪುಮಾಡುವುದೇ ತೇವವನ್ನು ಹೆಚ್ಚಿಸುವ ಮೂಲಕ. ಕುರ್ಚಿ ಅದರ ಬಾಯಿಗೇ ಎದುರಾಗಿದ್ದರೆ ರೆಕ್ಸಿನ್ ಸಿಪ್ಪೆ ಏಳುತ್ತದೆ, ಸ್ಪಂಜಿಗೆ ಮುಗ್ಗಲು ವಾಸನೆ ಹಿಡಿಯುತ್ತದೆ, ಅಗ್ಗದ ಕ್ರೋಮ್ ಲೇಪದ ಕಬ್ಬಿಣದ ಕಾಲುಗಳಲ್ಲಿ ತುಕ್ಕಿನ ಚುಕ್ಕೆ ಕಾಣಿಸುತ್ತದೆ. ಕೂಲರ್ ಇರುವ ಮನೆಗೆ ನೈಲಾನ್ ಕಾಲಿನ, ಬೆನ್ನಿಗೆ ಜಾಳಿಗೆ ಇರುವ ಕುರ್ಚಿ ತಕ್ಕದ್ದು. ಆಸನ ಮಾತ್ರ ಬಟ್ಟೆ ಹೊದಿಸಿದ ಗಟ್ಟಿ ಫೋಮಿನದಾಗಿರಲಿ ಎಂದು ನನ್ನ ಅಭಿಪ್ರಾಯ; ಅಗ್ಗದ ಕುರ್ಚಿಗಳಲ್ಲಿ ಆಸನಕ್ಕೂ ಜಾಳಿಗೆ ಹಾಕಿದ್ದರೆ ಅದು ವರ್ಷದೊಳಗೆ ಜೋತುಬಿದ್ದು, ಚೌಕಟ್ಟಿನ ಅಂಚು ತೊಡೆಗೆ ಒತ್ತತೊಡಗುತ್ತದೆ. ಹೆಬ್ಬೆರಳಿನಿಂದ ಜೋರಾಗಿ ಒತ್ತಿ ನೋಡಿರಿ: ಬೆರಳು ತಳದ ಹಲಗೆಯನ್ನು ಮುಟ್ಟಿದರೆ ಆ ಫೋಮ್ ಬೇಡ.

ಜಾಳಿಗೆಯ ಕುರ್ಚಿ ನೋಡಲು ಬಡಕಲಾಗಿ ಕಾಣುತ್ತದೆ ಎಂದು ಮನೆಯವರು ಹೇಳುತ್ತಾರಲ್ಲ?

ಗೌರವವೆಂದರೆ ದಪ್ಪ ಗಾದಿ ಎಂಬ ರೂಢಿ ನಮ್ಮಲ್ಲಿ ಹಳೆಯದು; ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಕಣ್ಣು ಒಗ್ಗುತ್ತದೆ. 1994ರಲ್ಲಿ ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ ಏರಾನ್ ಎಂಬ ಕುರ್ಚಿಯನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಫೋಮೂ ಇರಲಿಲ್ಲ, ಚರ್ಮವೂ ಇರಲಿಲ್ಲ. ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ಎಂಬ ವಿನ್ಯಾಸಕಾರರು ಚೌಕಟ್ಟಿಗೆ ಬರೀ ಜಾಳಿಗೆಯನ್ನು ಬಿಗಿದಿದ್ದರು. ದೊಡ್ಡ ಹುದ್ದೆಯವರ ಕುರ್ಚಿ ಚರ್ಮದ್ದೇ ಆಗಿರಬೇಕೆಂದಿದ್ದ ಕಾಲವದು. ಅದೇ ಕುರ್ಚಿ ಮುಂದೆ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವನ್ನು ಸೇರಿತು. ಇಂದು ನಮ್ಮ ಅಂಗಡಿಗಳ ಆರು ಸಾವಿರದ ಜಾಳಿಗೆ ಕುರ್ಚಿಗಳಲ್ಲೂ ಅದರ ಛಾಯೆಯನ್ನು ಕಾಣಬಹುದು.

ಅಜ್ಜನ ಕಾಲದ ಸಾಗವಾನಿ ಕುರ್ಚಿ ಮನೆಯಲ್ಲಿದೆ, ಬೆತ್ತ ಹೆಣೆದದ್ದು. ಅದರಲ್ಲೇ ಕೆಲಸ ಮಾಡಬಹುದೇ?

ಮಾಡಬಹುದು, ಮತ್ತು ಈ ಪ್ರಶ್ನೆ ನನಗೆ ಪ್ರಿಯವಾದದ್ದು. ಬೆತ್ತದ ಹೆಣಿಗೆಯೂ ಒಂದು ಜಾಳಿಗೆಯೇ. ಗಾಳಿ ಆಡುತ್ತದೆ, ಮೈಭಾರಕ್ಕೆ ತಕ್ಕಷ್ಟು ಬಾಗುತ್ತದೆ. ಹಳೆಯ ಸರ್ಕಾರಿ ಕಚೇರಿಗಳಲ್ಲಿ ಬೆತ್ತದ ಕುರ್ಚಿಗಳೇ ತುಂಬಿದ್ದುದು ಬಿಸಿಲ ನಾಡಿಗೆ ತಕ್ಕ ತಿಳಿವಳಿಕೆಯಿಂದಲೇ. ಚಂಡೀಗಢ ನಗರಕ್ಕಾಗಿ 1950ರ ದಶಕದಲ್ಲಿ ಪಿಯೇರ್ ಜನ್ನರೇ ರೂಪಿಸಿದ ಸಾಗವಾನಿ ಮತ್ತು ಬೆತ್ತದ ಕುರ್ಚಿಗಳು ಇಂದು ವಿದೇಶಗಳ ಹರಾಜಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ಹಿತವೂ ಚೆಂದವೂ ಒಂದೇ ವಸ್ತುವಿನಲ್ಲಿ ಕೂಡಿಬರುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಇದರ ಕೊರತೆಯೆಂದರೆ ಎತ್ತರ ಬದಲಿಸಲಾಗದು, ತಿರುಗದು, ಸೊಂಟಕ್ಕೆ ಆಸರೆ ಇರದು. ಒಂದು ಟವೆಲ್ಲನ್ನು ಬಿಗಿಯಾಗಿ ಸುರುಳಿ ಸುತ್ತಿ, ಎರಡೂ ತುದಿಗೆ ದಾರ ಕಟ್ಟಿ ಸೊಂಟದ ಮಟ್ಟದಲ್ಲಿ ಬಿಗಿದರೆ ಆಸರೆಯಾಗುತ್ತದೆ. ಲ್ಯಾಪ್‌ಟಾಪಿನ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿ, ಬೇರೊಂದು ಕೀಬೋರ್ಡ್ ಜೋಡಿಸಿಕೊಳ್ಳಿರಿ. ದಿನಕ್ಕೆ ಎರಡು ಮೂರು ಗಂಟೆಯ ಕೆಲಸಕ್ಕೆ ಇಷ್ಟು ಸಾಕು. ಬೆತ್ತ ಅತಿಯಾಗಿ ಒಣಗಿದರೆ ಎಳೆ ಮುರಿಯುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಆಸನದ ಕೆಳಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಲು ಬಿಡಬೇಕು.

ಮನೆಯ ನೆಲ ಶಹಾಬಾದ್ ಕಲ್ಲಿನದು. ಗಾಲಿ ಕುರ್ಚಿ ನಡೆಯುವುದೇ?

ನಡೆಯುತ್ತದೆ, ಆದರೆ ಗಾಲಿ ಬದಲಿಸಬೇಕಾಗಬಹುದು. ಅಗ್ಗದ ಕುರ್ಚಿಗಳ ಜೊತೆಗೆ ಬರುವ ಗಟ್ಟಿ ನೈಲಾನ್ ಗಾಲಿಗಳು ರತ್ನಗಂಬಳಿ ಹಾಸಿದ ಕಚೇರಿಗಳಿಗೆ ತಕ್ಕವು. ನಮ್ಮ ಪರಸಿಯ ಮೇಲೆ ಅವು ಗಡಗಡ ಸದ್ದು ಮಾಡುತ್ತವೆ, ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ನುಣುಪಾದ ಟೈಲ್ಸಿನ ಮೇಲಾದರೆ ಜಾರಿಹೋಗುತ್ತವೆ. ಹೊರಗೆ ಪಾಲಿಯುರೆಥೇನಿನ ಮೆತ್ತನೆಯ ಸುತ್ತು ಇರುವ, 60 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಾಲಿಗಳು ಸಂದಿಯನ್ನು ಸಲೀಸಾಗಿ ದಾಟುತ್ತವೆ. ಬಹುಪಾಲು ಕುರ್ಚಿಗಳ ಗಾಲಿಯ ಕಡ್ಡಿ 11 ಮಿಲಿಮೀಟರ್ ದಪ್ಪದ್ದಾಗಿರುವುದರಿಂದ ಐದು ಗಾಲಿಗಳ ಸೆಟ್ ಕೊಂಡು ನೀವೇ ಎಳೆದು ಬದಲಿಸಬಹುದು. ಸದ್ದು ತಡೆಯಲೆಂದು ಜಮಖಾನೆ ಹಾಸಬೇಡಿರಿ, ಅದು ಗಾಲಿಗೆ ಸುತ್ತಿಕೊಳ್ಳುತ್ತದೆ.

ಸೀರೆ ಉಡುವವರು ಇನ್ನೊಂದು ಎಚ್ಚರ ವಹಿಸಬೇಕು. ಕುರ್ಚಿ ಹಿಂದಕ್ಕೆ ಸರಿದಾಗ ಇಳಿಬಿದ್ದ ಸೆರಗು ಗಾಲಿಯ ಕೆಳಗೆ ಹೋಗಿ, ಏಳುವಾಗ ಎಳೆದುಬಿಡುತ್ತದೆ. ನಮ್ಮ ವೈನಿಯವರ ಇಳಕಲ್ ಸೀರೆಯ ಸೆರಗಿನ ತುದಿಯಲ್ಲಿ ಹೀಗಾದ ಕರಿ ಗೆರೆ ಈಗಲೂ ಇದೆ. ಗಾಲಿಯ ಮೇಲೆ ಮುಚ್ಚಳದಂಥ ಕವಚವಿರುವವು ಸಿಗುತ್ತವೆ, ಅವನ್ನು ಆರಿಸಿಕೊಳ್ಳಬಹುದು. ಹೆಚ್ಚು ಓಡಾಟವಿಲ್ಲದ ಕೆಲಸವಾದರೆ ಗಾಲಿ ತೆಗೆದು ಅದೇ ತೂತಿಗೆ ಕೂರುವ ಸ್ಥಿರ ಪಾದಗಳನ್ನು ಹಾಕಿಸಬಹುದು.

ಮಗ ಗೇಮಿಂಗ್ ಕುರ್ಚಿಯೇ ಬೇಕೆನ್ನುತ್ತಾನೆ. ಕೊಡಿಸಲೇ?

ಅದರ ರೂಪ ಓಟದ ಕಾರಿನ ಆಸನದಿಂದ ಬಂದದ್ದು. ಕಾರು ತಿರುವಿನಲ್ಲಿ ವಾಲಿದಾಗ ಮೈ ಜಾರದಿರಲೆಂದು ಅಲ್ಲಿ ಎರಡೂ ಬದಿಗೆ ಎತ್ತರದ ದಿಂಡುಗಳಿರುತ್ತವೆ. ಅಲುಗಾಡದ ಕೋಣೆಯಲ್ಲಿ ಅವುಗಳಿಂದ ಪ್ರಯೋಜನವಿಲ್ಲ, ಬದಲಿಗೆ ಹೆಗಲನ್ನು ಮುಂದಕ್ಕೆ ತಳ್ಳುತ್ತವೆ. ಮೇಲಾಗಿ ಹೆಚ್ಚಿನವು ರೆಕ್ಸಿನ್ನಿನವು. ನಮ್ಮ ಊರಿನ ಸೆಕೆಗೆ ಇದನ್ನು ಕೊಳ್ಳಿರಿ ಎಂದು ನಾನು ಹೇಳಲಾರೆ.

ಪಡಸಾಲೆಯ ಒಂದು ಮೂಲೆಯೇ ನನ್ನ ಕಚೇರಿ. ಬಂದವರ ಕಣ್ಣಿಗೆ ದೊಡ್ಡ ಕಪ್ಪು ಕುರ್ಚಿ ಒಡೆದು ಕಾಣುತ್ತದೆ, ಏನು ಮಾಡಲಿ?

ಇದು ನ್ಯಾಯವಾದ ಕಳವಳ. ದಿನವೂ ನೋಡುವ ವಸ್ತು ಕಣ್ಣಿಗೆ ಕಿರಿಕಿರಿಯಾದರೆ ಅದೂ ಒಂದು ಅಹಿತವೇ. ಒಡೆದು ಕಾಣಲು ಬಣ್ಣಕ್ಕಿಂತ ಗಾತ್ರ ಕಾರಣ. ತಲೆಯಾಸರೆಯಿಲ್ಲದ, ಹೆಗಲ ಎಲುಬಿನವರೆಗೆ ಮಾತ್ರ ಬರುವ ನಡು ಎತ್ತರದ ಕುರ್ಚಿ ಬರೆಯುವ ಕೆಲಸಕ್ಕೆ ಏನೂ ಕಡಿಮೆಯಲ್ಲ. ಮೇಜಿನೊಳಗೆ ತಳ್ಳಿದರೆ ಅರ್ಧ ಮರೆಯಾಗುತ್ತದೆ. ಕೈಯ ಆಸರೆ ಮೇಲಕ್ಕೆ ಮಡಚುವಂತಿದ್ದರೆ ಇನ್ನೂ ಅನುಕೂಲ. ಪರಸಿಯ ತಿಳಿ ಬೂದು ಬಣ್ಣಕ್ಕೆ ಗಾಢ ಬೂದು ಅಥವಾ ಕಂದು ಬಟ್ಟೆ ಹೊಂದುತ್ತದೆ. ಕಪ್ಪೇ ಸಿಕ್ಕರೆ ಅದನ್ನು ಒಂಟಿಯಾಗಿ ಬಿಡಬಾರದು. ಬೀದರಿನ ಗೆಳೆಯರೊಬ್ಬರು ತಮ್ಮ ಕಪ್ಪು ಕುರ್ಚಿಯ ಹಿಂದಿನ ಗೂಡಿನಲ್ಲಿ ಎರಡು ಬಿದರಿ ಹೂಜಿಗಳನ್ನು ಇಟ್ಟಿದ್ದಾರೆ. ಸತು ತಾಮ್ರಗಳ ಎರಕಕ್ಕೆ ಬೀದರ್ ಕೋಟೆಯ ಮಣ್ಣಿನಿಂದ ಬರುವ ಆ ಕಡುಕಪ್ಪು ಮತ್ತು ಅದರ ಮೇಲಿನ ಬೆಳ್ಳಿಯ ಬಳ್ಳಿ, ಕುರ್ಚಿಯ ಕಪ್ಪನ್ನೂ ಕೋಣೆಯದೇ ಒಂದು ಭಾಗವೆನ್ನುವಂತೆ ಮಾಡಿವೆ.

ಗಂಜಿನ ಅಡತಿ ಅಂಗಡಿಗಳಲ್ಲಿ ಹಿರಿಯರು ಗಾದಿಯ ಮೇಲೆ ಲೋಡಿಗೆ ಒರಗಿ ದಿನವಿಡೀ ಲೆಕ್ಕ ಬರೆಯುತ್ತಿದ್ದರು. ನಮಗೇಕೆ ಕುರ್ಚಿ?

ಅವರು ಗಳಿಗೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು, ಕಾಳಿನ ರಾಶಿ ನೋಡಲು ಏಳುತ್ತಿದ್ದರು, ಇಳಿಜಾರಿನ ಪೆಟ್ಟಿಗೆಯ ಮೇಲೆ ಬರೆಯುತ್ತಿದ್ದರು. ನಾವು ಪರದೆಗೆ ಕಣ್ಣು ನೆಟ್ಟು ಅಲುಗಾಡದೆ ಕೂರುತ್ತೇವೆ. ಕೆಳಗೆ ಕೂರುವ ಅಭ್ಯಾಸವಿರುವವರು ದಿನದಲ್ಲಿ ಒಂದು ಗಂಟೆ ಹಾಗೆ ಕೂತು ಓದುವುದು ಒಳ್ಳೆಯದೇ. ಮಂಡಿ ನೋವಿರುವವರಿಗೆ ಮಾತ್ರ ಸಲ್ಲದು. ಎಂಥ ಕುರ್ಚಿಯಾದರೂ ಅರ್ಧ ಗಂಟೆಗೊಮ್ಮೆ ಎದ್ದು ನೀರಿನ ತಂಬಿಗೆಯವರೆಗಾದರೂ ನಡೆಯಬೇಕು. ಅದಕ್ಕಾಗಿ ನಾನು ತಂಬಿಗೆಯನ್ನು ಅಡುಗೆಮನೆಯಲ್ಲೇ ಇಡುತ್ತೇನೆ.

ಆರು ಸಾವಿರ ರೂಪಾಯಿಯೊಳಗೆ ಕೊಳ್ಳಬೇಕು. ಏನನ್ನು ಬಿಡಬಹುದು, ಏನನ್ನು ಬಿಡಬಾರದು?

ತಲೆಯಾಸರೆ, ಕಾಲು ಚಾಚುವ ಹಲಗೆ, ಹೊಳೆಯುವ ಕ್ರೋಮ್ ಕಾಲು, ಇವೆಲ್ಲ ಬಿಡತಕ್ಕವು. ಐದು ಕಾಲುಗಳ ತಳ, ಎತ್ತರ ಬದಲಿಸುವ ವ್ಯವಸ್ಥೆ, ಗಟ್ಟಿ ಫೋಮ್, ಸೊಂಟದ ಆಸರೆ, ಇವು ಬಿಡಬಾರದವು. ನಾಲ್ಕು ಕಾಲಿನ ತಿರುಗು ಕುರ್ಚಿ ಪಕ್ಕಕ್ಕೆ ಬಾಗಿದಾಗ ಮಗುಚುವ ಅಪಾಯವಿದೆ. ಅಂಗಡಿಯವರು ‘ಹೈಡ್ರಾಲಿಕ್’ ಎನ್ನುವ ಕೊಳವೆಯಲ್ಲಿ ನಿಜಕ್ಕೂ ಇರುವುದು ಒತ್ತಿ ತುಂಬಿದ ನೈಟ್ರೋಜನ್ ಅನಿಲ. ಅದರ ಮೇಲೆ ಗಟ್ಟಿತನದ ದರ್ಜೆಯಾಗಿ ‘ಕ್ಲಾಸ್ 4’ ಎಂದು ಅಚ್ಚಾಗಿದ್ದರೆ ಉತ್ತಮ. ಕೂತ ಕುರ್ಚಿ ತಾನಾಗಿ ಇಳಿಯತೊಡಗಿದರೆ ಆ ಕೊಳವೆ ಸೋರುತ್ತಿದೆ ಎಂದು ಅರ್ಥ; ಕುರ್ಚಿ ಎಸೆಯಬೇಕಿಲ್ಲ, ಕೊಳವೆಯೊಂದನ್ನೇ ಬದಲಿಸಬಹುದು, ಆದರೆ ಅದನ್ನು ಬಿಚ್ಚಲು ಮನೆಯಲ್ಲಿ ಯಾರೂ ಯತ್ನಿಸಬಾರದು.

ಚೀಟಿಯ ಮೇಲೆ ‘ಬಿಫ್ಮಾ’ ಎಂದಿದ್ದರೆ ಅದು ಅಮೆರಿಕದ ಪೀಠೋಪಕರಣ ತಯಾರಕರ ಸಂಘದ ಮಾನದಂಡ. ನಮ್ಮ ಭಾರತೀಯ ಮಾನಕ ಬ್ಯೂರೋದಲ್ಲಿ ಕೆಲಸದ ಕುರ್ಚಿಗಳಿಗೆ ಐ.ಎಸ್. 17631 ಎಂಬ ಮಾನದಂಡವಿದೆ. ಇಂಥ ಪರೀಕ್ಷೆಗಳು ಕುರ್ಚಿ ಮುರಿಯುವುದಿಲ್ಲ, ಮಗುಚುವುದಿಲ್ಲ ಎಂಬ ಭರವಸೆ ಕೊಡುತ್ತವೆ. ಅದು ನಿಮ್ಮ ಬೆನ್ನಿಗೆ ಒಗ್ಗುತ್ತದೆಯೇ ಎಂಬುದನ್ನು ನೀವೇ ಕೂತು ನೋಡಬೇಕು. ಆನ್‌ಲೈನಿನಲ್ಲಿ ತರಿಸುವವರು ಆಸನದ ಕನಿಷ್ಠ ಎತ್ತರವನ್ನು ಓದಿ, ವಾರಂಟಿಯ ದುರಸ್ತಿಗೆ ಜನ ನಮ್ಮ ಊರಿಗೆ ಬರುತ್ತಾರೋ ಅಥವಾ ಕುರ್ಚಿಯನ್ನೇ ಕಟ್ಟಿ ಕಳಿಸಬೇಕೋ ಎಂದು ಮೊದಲೇ ಕೇಳಿಕೊಳ್ಳಬೇಕು.

ಸಿಪ್ಪೆ ಎದ್ದ ಹಳೆಯ ರೆಕ್ಸಿನ್ ಕುರ್ಚಿಯನ್ನು ಏನು ಮಾಡಬೇಕು?

ಚೌಕಟ್ಟು ಮತ್ತು ಕೊಳವೆ ಗಟ್ಟಿಯಾಗಿದ್ದರೆ ಸೋಫಾ, ಕಾರಿನ ಸೀಟು ಹೊಲಿಯುವ ಕುಷನ್ ಕೆಲಸದವರಲ್ಲಿಗೆ ಒಯ್ಯಿರಿ. ರೆಕ್ಸಿನ್ ಪೂರ್ತಿ ಸುಲಿಸಿ, ಕುಸಿದ ಸ್ಪಂಜಿನ ಜಾಗಕ್ಕೆ ಗಟ್ಟಿ ಫೋಮ್ ಹಾಕಿಸಿ, ಮೇಲೆ ದಪ್ಪ ಹತ್ತಿ ಬಟ್ಟೆ ಹೊದಿಸಬೇಕು. ಹೊದಿಕೆಗೆ ಜಿಪ್ ಇಡಿಸಿದರೆ ಒಗೆಯಬಹುದು. ನಮ್ಮ ಎರೆಮಣ್ಣಿನ ಧೂಳಿಗೆ ಅದು ಬೇಕೇ ಬೇಕು. ನನ್ನ ಬಾಸ್ ಚೇರಿಗೆ ಹೀಗೆಯೇ ಮಾಡಿಸಿದೆ. ಆಸನದ ಆಳ ಬದಲಾಗಲಿಲ್ಲವಾದ್ದರಿಂದ ಕೆಲಸಕ್ಕೆ ಅದು ಇಂದಿಗೂ ಒದಗದು. ನಮ್ಮ ತಂದೆಯವರು ನನಗಿಂತ ನಾಲ್ಕು ಬೆರಳು ಎತ್ತರ. ಬೆಳಿಗ್ಗೆ ಅದನ್ನು ಕಟ್ಟೆಯ ಬಾಗಿಲಿಗೆ ಎಳೆದುಕೊಂಡು, ಬೆನ್ನು ಪೂರ್ತಿ ಒರಗಿಸಿ, ಬಿಸಿಲು ಹೊಸ್ತಿಲು ಮುಟ್ಟುವವರೆಗೆ ಪತ್ರಿಕೆ ಓದುತ್ತಾರೆ.